ಕಂಡದ್ದು ಮಾತ್ರ

ಮಾರ್ಚ್ 3, ಸೋಮವಾರ

ಇವತ್ತು ನಲವತ್ತೊಂದು ಚಿತ್ರ. ಮೂವತ್ತೊಂಬತ್ತು ಯುದ್ಧದವು, ಒಂದು ಈಜು ಸ್ಪರ್ಧೆ, ಒಂದು ಮೃಗಾಲಯದ ಜಿರಾಫೆ ಮರಿ. ಜಿರಾಫೆಯನ್ನು ನೂರಾಹತ್ತು ಪತ್ರಿಕೆಗಳು ಎತ್ತಿಕೊಂಡವು, ಯುದ್ಧವನ್ನು ಹದಿನೇಳು. ನಾಲ್ಕು ತಿಂಗಳು ಹಳೆಯದಾದ ಯುದ್ಧಕ್ಕೆ ಎಳೆ ಜಿರಾಫೆಯ ಜೊತೆ ಪೈಪೋಟಿ ಮಾಡುವ ತಾಕತ್ತು ಎಲ್ಲಿಂದ ಬರಬೇಕು.

ಅಕ್ಕ ಫೋನ್ ಮಾಡಿದ್ದಳು. ಇಪ್ಪತ್ತೆರಡು ವರ್ಷವಾದರೂ ಅವಳಿಗೆ ನನ್ನ ಕೆಲಸ ಅರ್ಥವಾಗಿಲ್ಲ. “ಫೋಟೋ ತೆಗೆಯೋರು ಬೇರೆ, ಪೇಪರ್ ಮಾಡೋರು ಬೇರೆ. ಮಧ್ಯ ನಿಂದೇನೇ?” ಅಂದಳು. ನಮ್ಮ ಸಂಸ್ಥೆ ಚಿತ್ರ ತರಿಸಿ ಪತ್ರಿಕೆಗಳಿಗೆ ಹಂಚುತ್ತದೆ, ಚಿತ್ರದ ಕೆಳಗಿನ ಎರಡು ಸಾಲು ನಾವು ಬರೆಯುತ್ತೇವೆ, ಆ ಎರಡು ಸಾಲು ಇಲ್ಲದಿದ್ದರೆ ಚಿತ್ರದಲ್ಲಿ ಅಳುತ್ತಿರುವವರು ಮದುವೆ ಮನೆಯವರೋ ಸಾವಿನ ಮನೆಯವರೋ ಯಾರಿಗೂ ತಿಳಿಯುವುದಿಲ್ಲ ಎಂದೆ. “ಅಷ್ಟೇನಾ,” ಅಂದಳು. ಅಷ್ಟೇ. ನಾವು ಅಂದರೆ ಚಿತ್ರ ವಿಭಾಗ. ಚಿತ್ರ ವಿಭಾಗ ಅಂದರೆ ಎರಡು ಪರದೆ, ಒಂದು ಫೋನು, ಒಂದು ಕುಂಟುವ ಕುರ್ಚಿ ಮತ್ತು ನಾನು.

ಕೆಳಮನೆಯ ಗಂಡ ಹೆಂಡತಿ ಮತ್ತೆ ಜಗಳವಾಡಿದ್ದಾರೆ ಎನ್ನಲಾಗಿದೆ. ಕಣ್ಣಾರೆ ಕಂಡಿಲ್ಲ, ಪಾತ್ರೆ ಬಿದ್ದ ಸದ್ದು ಮಾತ್ರ ಕೇಳಿದ್ದು. ಬಂದವಳೇ ಒಲೆ ಹಚ್ಚಿ ಬಿಸಿಬಿಸಿ ಅಡುಗೆ ಮಾಡಿಕೊಂಡು ಉಂಡೆ. ಒಬ್ಬಳೇ ಇದ್ದರೂ ತಂಗಳು ತಿನ್ನಬಾರದು ಎಂಬುದು ನನ್ನ ಹಟ.

ಮಾರ್ಚ್ 4, ಮಂಗಳವಾರ

ನಾಲ್ಕು ಗಂಟೆಗೆ ಸರಿಯಾಗಿ ಉದ್ದಣ್ಣನ ಫೋನು. ಮುತ್ತಿಗೆ ಬಿದ್ದ ಆ ಪಟ್ಟಣದಲ್ಲಿ ಉಳಿದಿರುವ ನಮ್ಮ ಒಬ್ಬನೇ ಛಾಯಾಗ್ರಾಹಕ. ಚಿತ್ರವನ್ನು ಹೇಗೋ ಕಳಿಸುತ್ತಾನೆ, ವಿವರವನ್ನು ಫೋನಿನಲ್ಲಿ ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಅವನ ಮುಖ ನೋಡಿಲ್ಲ. ಬೆಳಗಿನ ಚಿತ್ರಗಳ ಕೆಳಗಂಚಿನಲ್ಲಿ ಅವನ ನೆರಳು ಬಿದ್ದಿರುತ್ತದೆ, ತೆಂಗಿನ ಮರದಷ್ಟು ಉದ್ದ. ಅದನ್ನು ಕತ್ತರಿಸಿ ಕಳಿಸುವುದು ನನ್ನ ಕೆಲಸ. ಹೆಸರು ಹಾಗೆ ಬಂದದ್ದು. ಅವನಿಗೆ ಹೇಳಿದಾಗ, “ನಾನು ಐದಡಿ ಮೂರಿಂಚು ಮೇಡಂ,” ಅಂತ ಬಿದ್ದು ಬಿದ್ದು ನಕ್ಕಿದ್ದ.

ಇವತ್ತು ಮನೆಯಮ್ಮ ಬೈದರಂತೆ. ಮನೆಯಮ್ಮ ಅಂದರೆ ಅವನಿಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟ ಹೆಂಗಸು. ಅರ್ಧ ಊರೇ ಗುಳೆ ಹೋದರೂ ಆಕೆ ಕದಲಿಲ್ಲ. ಬಟ್ಟೆ ಒಣಗಿಸುವ ತಂತಿಗೆ ಇವನು ಕ್ಯಾಮೆರಾ ಚೀಲ ನೇತುಹಾಕಿದ್ದಕ್ಕೆ, “ಯುದ್ಧ ಆದ್ರೆ ಏನು, ಬಟ್ಟೆ ಒಣಗೋದು ಬೇಡ್ವಾ?” ಎಂದು ದಬಾಯಿಸಿದರಂತೆ.

ಹತ್ತು ನಿಮಿಷ ಮಾತಾಡಿದೆವು. ಆ ಹತ್ತು ನಿಮಿಷ ಬಿಟ್ಟರೆ ಇಡೀ ದಿನದಲ್ಲಿ ನನ್ನ ಜೊತೆ ಯಾರೂ ಕೆಲಸಕ್ಕೆ ಬಾರದ ಮಾತು ಆಡುವುದಿಲ್ಲ. ಇದನ್ನು ದೂರು ಅಂತ ಬರೆಯುತ್ತಿಲ್ಲ, ಮಾಹಿತಿ ಅಂತ ಬರೆಯುತ್ತಿದ್ದೇನೆ.

ಮಾರ್ಚ್ 6, ಗುರುವಾರ

ಇವತ್ತಿನ ಚಿತ್ರ ನೋಡಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ. ಮುಸ್ಸಂಜೆ ಆಕಾಶ, ತಿಳಿ ನೇರಳೆ. ಮೇಲೊಂದು ಬಿಳಿ ಮೊಗ್ಗು ಒಡೆದು, ಅದರಿಂದ ನೂರಾರು ಬಿಳಿ ಎಳೆಗಳು ಬಾಗಿ ಬಾಗಿ ಊರಿನ ಮಾಳಿಗೆಗಳ ಮೇಲೆ ಇಳಿಯುತ್ತಿವೆ. ಕೆಳಗೆ ಮನೆಯಮ್ಮನ ತಂತಿ, ತಂತಿಯ ಮೇಲೆ ಒಂದು ಬಿಳಿ ಹಾಸಿಗೆ ಹೊದಿಕೆ. ಇಷ್ಟು ಚಂದದ ಚಿತ್ರ ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಗೆ ಬಂದಿಲ್ಲ.

ಕತ್ತಲಾದ ಮೇಲೆ ಉದ್ದಣ್ಣ ಮತ್ತೆ ಫೋನ್ ಮಾಡಿದಾಗ, “ಏನು ಬೀಳ್ತಿರೋದು?” ಎಂದೆ.

“ಅದೇ ಗೊತ್ತಾಗ್ತಿಲ್ಲ ಮೇಡಂ. ಮೇಲೆ ಪಟ್ ಅಂತ ಒಡೀತು, ಆಮೇಲೆ ಉರ್ಕೊಂಡು ಇಳೀತು. ನಮ್ಮ ಮಾಳಿಗೆ ಮೇಲೂ ಬಿದ್ದಿದೆ. ಬೆಳ್ಳುಳ್ಳಿ ವಾಸನೆ.”

“ಯಾರೋ ಅಡುಗೆ ಮಾಡ್ತಿರ್ಬೇಕು ಬಿಡು.”

“ಇಡೀ ಬೀದಿನಾ?”

“ಚಿತ್ರದಲ್ಲಿ ವಾಸನೆ ಕಾಣುತ್ತಾ? ಇಲ್ಲ ತಾನೆ? ಹಾಗಾದ್ರೆ ಬೇಡ.”

ಅಡಿಬರಹದ ಕೈಪಿಡಿ ನಮ್ಮದೇ, ಹನ್ನೊಂದು ವರ್ಷದ ಹಿಂದೆ ಕೂತು ಬರೆದದ್ದು. ಮೊದಲ ನಿಯಮ: ಕಂಡದ್ದು ಮಾತ್ರ. ಹದಿನಾಲ್ಕನೆಯ ನಿಯಮ: ಆಕಾಶದಿಂದ ಉರಿಯುತ್ತ ಬೀಳುವುದನ್ನು, ಸೇನೆ ಬೇರೆ ಹೇಳದಿದ್ದರೆ, ಬೆಳಕಿನ ಗುಂಡು (ಕತ್ತಲಲ್ಲಿ ನೆಲ ಕಾಣಲೆಂದು ಹಾರಿಸುವುದು) ಎನ್ನತಕ್ಕದ್ದು. ಇದನ್ನು ಸುಮ್ಮನೆ ಬರೆದದ್ದಲ್ಲ. ಹಿಂದೊಮ್ಮೆ ನಮ್ಮವರೊಬ್ಬರು ಬಾಣಬಿರುಸಿನ ಚಿತ್ರಕ್ಕೆ ‘ವಿಷಾಸ್ತ್ರ’ ಎಂದು ಬರೆದು, ಒಂದು ಊರಿಗೆ ಊರೇ ರಾತ್ರೋರಾತ್ರಿ ಖಾಲಿಯಾಗಿ, ನೂಕುನುಗ್ಗಲಿಗೆ ಇಬ್ಬರು ಸತ್ತರು. ಭಯ ಹುಟ್ಟಿಸುವುದು ನಮ್ಮ ಕಸುಬಲ್ಲ.

ಹೀಗೆ ಬರೆದೆವು: “ಮುತ್ತಿಗೆಗೊಳಗಾದ ಪಟ್ಟಣದ ಮೇಲೆ ಗುರುವಾರ ಮುಸ್ಸಂಜೆ ಇಳಿಯುತ್ತಿರುವ ಬೆಳಕಿನ ಗುಂಡುಗಳು.” ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮಾರ್ಚ್ 8, ಶನಿವಾರ

ಇನ್ನೂರ ಹನ್ನೆರಡು ಪತ್ರಿಕೆ! ಅದರಲ್ಲಿ ನೂರ ಅರವತ್ತರ ಮುಖಪುಟ. ಜಿರಾಫೆ ಎಲ್ಲಿ ಹೋಯಿತೋ. ಟೀವಿಯವರು ಚಿತ್ರದ ಹಿಂದೆ ಪಿಟೀಲು ಬಾರಿಸಿ ತೋರಿಸಿದರು. ನಮ್ಮ ಮುಖ್ಯಸ್ಥರು, ಏನು ಕೇಳಿದರೂ ‘ನೋಡೋಣ’ ಅನ್ನುವುದರಿಂದ ಕಚೇರಿಯಲ್ಲೆಲ್ಲ ನೋಡೋಣ ಎಂದೇ ಹೆಸರಾದವರು, ಇವತ್ತು ತಾವೇ ನಡೆದು ಬಂದು, “ಅಡಿಬರಹ ಚೆನ್ನಾಗಿದೆ, ಅಳತೆಯಲ್ಲಿದೆ,” ಎಂದರು. ಎಂಟು ವರ್ಷದ ಮೇಲೆ ಬಂದ ಹೊಗಳಿಕೆ, ತಾರೀಖು ಹಾಕಿ ಇಟ್ಟುಕೊಳ್ಳುತ್ತೇನೆ.

ಭಾವನಂತೂ ಅದನ್ನು ದೊಡ್ಡದಾಗಿ ಮುದ್ರಿಸಿ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದಾರಂತೆ. “ಸೋಫಾದ ಬಣ್ಣಕ್ಕೆ ಹೇಳಿ ಮಾಡಿಸಿದ ಹಾಗಿದೆ,” ಎಂದು ಅಕ್ಕ ಹೇಳಿದಳು. ಖುಷಿಯಾಯಿತು, ಸುಳ್ಳೇಕೆ.

ಮಾರ್ಚ್ 10, ಸೋಮವಾರ

ಉದ್ದಣ್ಣ ಇವತ್ತು ಒಂದು ವಿಚಿತ್ರ ಪ್ರಶ್ನೆ ತಂದಿದ್ದ. “ಮನೆಯಮ್ಮ ಕೇಳ್ತಿದಾರೆ. ಮಾಳಿಗೆ ಮೇಲೆ ಬಿದ್ದ ತುಂಡು ಹಾಗೇ ಇವೆ, ಕರ್ರಗೆ, ಸುಟ್ಟ ಬಟ್ಟೆ ಉಂಡೆ ಥರ. ಒಗೆದ ಬಟ್ಟೆಗೆಲ್ಲ ಮಸಿ ಆಗ್ತಿದೆಯಂತೆ. ಗುಡಿಸಿಬಿಡಬಹುದಾ?”

“ನನ್ನನ್ನೇನು ಕೇಳ್ತೀಯ, ನಾನೇನು ಸೇನಾಧಿಪತಿಯಾ?”

“ನಿಮಗೆ ಗೊತ್ತಿರುತ್ತೆ ಅಂತಾರೆ. ‘ನಿಮ್ಮ ಆಫೀಸಿನ ಮೇಡಂ ಎಲ್ಲಾ ತಿಳ್ಕೊಂಡು ಬರೀತಾರಲ್ಲ, ಅವರನ್ನೇ ಕೇಳು’ ಅಂದ್ರು.”

“ಬೆಳಕಿನ ಗುಂಡು ತಾನೆ, ಉರಿದು ಮುಗಿದಿರೋದು. ಗುಡಿಸ್ಲಿ ಬಿಡು.”

ಯುದ್ಧದ ಮಧ್ಯೆ ಮಾಳಿಗೆ ಗುಡಿಸುವ ಹೆಂಗಸು! ನೆನೆಸಿಕೊಂಡು ದಾರಿಯುದ್ದಕ್ಕೂ ನಗು ಬಂತು. ಅಷ್ಟು ದೂರದಲ್ಲಿ ಕಾಣದ ಊರಿನಲ್ಲಿ ನನ್ನ ಮಾತಿಗೊಂದು ಬೆಲೆ ಇದೆಯಲ್ಲ ಎಂದು ಬೀಗಿದ್ದೂ ಹೌದು.

ಮಾರ್ಚ್ 13, ಗುರುವಾರ

ನಾಲ್ಕಾಯಿತು, ಐದಾಯಿತು, ಉದ್ದಣ್ಣನ ಫೋನಿಲ್ಲ. ನಿನ್ನೆಯೂ ಇರಲಿಲ್ಲ. ಫೋನಿನ ತಂತಿ ಕಡಿದಿರಬೇಕು.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಹತ್ತಕ್ಕೇ ಫೋನ್ ಬಂತು. ನಾನೇ ಮೊದಲು, “ಎಲ್ಲಿ ಹೋಗಿದ್ದೆ ಮಹಾರಾಯ?” ಎಂದೆ.

“ಮನೆಯಮ್ಮ ಬುಧವಾರ ಗುಡಿಸೋಕೆ ಹೋದ್ರು ಮೇಡಂ.”

ಪೊರಕೆ ತಾಕಿದ್ದೇ ಉಂಡೆ ಒಡೆದು ಒಳಗಿಂದ ಭಗ್ಗೆಂದಿತಂತೆ. ಬಿದ್ದು ಆರು ದಿನದ ಮೇಲೆ. ಸೆರಗಿಗೆ ಹತ್ತಿತು, ಕೈಗೆ, ಎದೆಗೆ. ಇವನು ಕಂಬಳಿ ಸುತ್ತಿ ಆರಿಸಿ, ಎತ್ತಿಕೊಂಡು ಚಿಕಿತ್ಸಾಲಯಕ್ಕೆ ಓಡಿದ. ಅಲ್ಲಿರುವುದು ಒಬ್ಬಳೇ ವೈದ್ಯೆ. ಗಾಯ ತೊಳೆದು ಪಟ್ಟಿ ಕಟ್ಟಿದಳು. ಮರುದಿನ ಪಟ್ಟಿ ಬಿಚ್ಚಿದರೆ ಗಾಯದೊಳಗಿಂದ ಹೊಗೆ ಏಳುತ್ತಿತ್ತಂತೆ. ಗಾಳಿ ತಾಕಿ ಮತ್ತೆ ಹೊತ್ತಿಕೊಂಡಿತಂತೆ, ಮೈಯೊಳಗೇ.

ಬರೆದುಕೊಳ್ಳುತ್ತಿದ್ದ ಕೈ ನಿಂತಿತು. ಆದರೆ ಬಾಯಿ ಆಡಿತು. ಕೈಪಿಡಿಯ ಪ್ರಕಾರ ನಾವು ಹೇಳಿದ್ದು ಸರಿಯಾಗಿಯೇ ಇದೆ, ಸೇನೆಯ ಕಡೆಯಿಂದ ಬೇರೆ ಮಾಹಿತಿ ಬಂದಿರಲಿಲ್ಲ ಎಂದೆ. 

“ಸರಿ ಮೇಡಂ,” ಎಂದು ಫೋನಿಟ್ಟ.

ಮನೆಗೆ ಬಂದು ಒಲೆ ಹಚ್ಚಿದೆ, ಯಾಕೋ ಹಸಿವಿರಲಿಲ್ಲ, ಆರಿಸಿದೆ.

ಮಾರ್ಚ್ 15, ಶನಿವಾರ

ಉದ್ದಣ್ಣನಿಂದ ಒಂದು ಚಿತ್ರ ಬಂತು. ಮಂಚದ ಮೇಲೆ ಆ ಬಿಳಿ ಹೊದಿಕೆ, ಅದರಡಿ ಒಂದು ಆಕಾರ, ಹೊರಗೆ ಒಂದು ಪಾದ. ಹಿಮ್ಮಡಿ ಒಡೆದ, ಕೆಲಸ ಮಾಡಿದ ಪಾದ. ವಿವರದ ಜಾಗ ಖಾಲಿ. ನಾಲ್ಕು ತಿಂಗಳಲ್ಲಿ ಅವನು ವಿವರವಿಲ್ಲದೆ ಕಳಿಸಿದ ಮೊದಲ ಚಿತ್ರ. ನಾಲ್ಕಕ್ಕೆ ಫೋನೂ ಮಾಡಲಿಲ್ಲ.

ಅಡಿಬರಹವಿಲ್ಲದ ಚಿತ್ರ ಹೊರಗೆ ಹೋಗುವಂತಿಲ್ಲ. ಸಂಜೆಯವರೆಗೆ ಎದುರಿಗಿಟ್ಟುಕೊಂಡು ಕೂತಿದ್ದು ಹಾಗೇ ಬಿಟ್ಟುಬಂದೆ. ಬಾಳೆಹಣ್ಣು, ಬ್ರೆಡ್ಡು ತಿಂದೆ. ಒಬ್ಬಳಿಗೆ ಏನು ಅಡುಗೆ.

ಮಾರ್ಚ್ 16, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ಎದುರಿಗೇ ಅದು. ಕಟ್ಟು ಹಾಕಿಸಿ, ಮೇಲೊಂದು ಪುಟ್ಟ ದೀಪ ಬೇರೆ ಹಾಕಿಸಿದ್ದಾರೆ. ಭಾವ ನನ್ನನ್ನು ಕೂರಿಸಿ, “ನೋಡು, ಎಷ್ಟು ಹೊತ್ತು ನೋಡಿದ್ರೂ ಬೇಜಾರಾಗಲ್ಲ,” ಎಂದರು. ತಂತಿಯ ಮೇಲಿನ ಹೊದಿಕೆ ತೋರಿಸಿ, “ಈ ಬಿಳೀದಿದೆಯಲ್ಲ, ಅದೇ ಚಿತ್ರದ ಜೀವ,” ಎಂದರು.

ತೆಗೆದುಬಿಡಿ ಭಾವ ಎಂದೆ. ಯಾಕೆಂದು ಕೇಳಿದರು. ಹೇಳಿದೆ. ಅಕ್ಕ ಮುಖ ಮುಚ್ಚಿಕೊಂಡಳು. ಭಾವ ವಾಲಿದ ಕಟ್ಟನ್ನು ನೇರ ಮಾಡುತ್ತ, “ಅದು ಆಮೇಲೆ ಆಗಿದ್ದು. ಚಿತ್ರದಲ್ಲಿ ಇಲ್ಲವಲ್ಲ,” ಎಂದರು.

ನನ್ನದೇ ಮೊದಲ ನಿಯಮ, ಅವರ ಬಾಯಿಂದ. ಮೈಯೆಲ್ಲ ಉರಿದುಹೋಯಿತು. ಮಾತಿಗೆ ಮಾತು ಬೆಳೆಯಿತು. ಬೇರೆಯವರ ಮನೆಯ ಮೇಲೆ ಬಿದ್ದ ಬೆಂಕಿಯನ್ನು ಸೋಫಾಕ್ಕೆ ಹೊಂದುತ್ತದೆ ಅಂತ ತೂಗುಹಾಕಿಕೊಂಡಿದ್ದೀರಿ ಎಂದೆ. “ಅದನ್ನ ಮಾರಿದ್ದು ನಿನ್ನ ಆಫೀಸೇ ತಾನೆ?” ಎಂದರು.  ಊಟ ಬಡಿಸಿದ್ದರು, ಮುಟ್ಟದೆ ಎದ್ದು ಬಂದೆ. ಬಸ್ ನಿಲ್ದಾಣದವರೆಗೂ ಅಕ್ಕ ಹಿಂದೆ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ.

ಮಾರ್ಚ್ 18, ಮಂಗಳವಾರ

ಊಟದ ಹೊತ್ತಿನಲ್ಲಿ ಗ್ರಂಥಾಲಯದ ಕೋಣೆಯಲ್ಲಿ ಕೂತು ಓದಿದೆ. ಬಿಳಿ ರಂಜಕ. ಇಂಗ್ಲಿಷಿನಲ್ಲಿ ವೈಟ್ ಫಾಸ್ಫರಸ್. ಮೇಣದಂಥ ವಸ್ತು, ಗಾಳಿ ತಾಕಿದರೆ ತಾನೇ ಹೊತ್ತಿಕೊಳ್ಳುತ್ತದೆ. ಬಟ್ಟೆಯ ತುಂಡುಗಳಿಗೆ ಹೀರಿಸಿ ಗುಂಡಿನಲ್ಲಿ ತುಂಬುತ್ತಾರೆ. ಮೇಲುಗಡೆ ಕರಕಲು ಕಟ್ಟಿ ಆರಿದಂತೆ ಕಾಣುತ್ತದೆ, ಒಳಗೆ ಹಾಗೇ ಇರುತ್ತದೆ. ಗುರುತಿಸುವುದು ಹೇಗೆ ಎಂಬುದಕ್ಕೆ ಮೊದಲ ಸಾಲು: ಬೆಳ್ಳುಳ್ಳಿಯಂಥ ವಾಸನೆ.

ಬೆಳ್ಳುಳ್ಳಿಯಂಥ ವಾಸನೆ. ಅವನು ಹೇಳಿದ್ದ. ನಾನು ಬೇಡ ಅಂದಿದ್ದೆ.

ಯುದ್ಧದ ಅಸ್ತ್ರಗಳ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದವನ್ನೂ ಓದಿದೆ. ಸುಡುವುದಕ್ಕೆಂದೇ ಮಾಡಿದ ಅಸ್ತ್ರವನ್ನು ಜನ ವಾಸಿಸುವ ಕಡೆ ಆಕಾಶದಿಂದ ಹಾಕಬಾರದಂತೆ. ಬೆಳಕಿಗೆ, ಹೊಗೆಗೆ ಅಂತ ಮಾಡಿದ್ದು ಅಕಸ್ಮಾತ್ ಸುಟ್ಟರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲವಂತೆ. ಸುಡಲಿ ಅಂತ ಎಸೆದರೆ ಅಪರಾಧ, ಕಾಣಲಿ ಅಂತ ಎಸೆದು ಸುಟ್ಟರೆ ಆಕಸ್ಮಿಕ. ಯಾವ ಹೆಸರಿಟ್ಟು ಎಸೆದರು ಎಂಬುದರ ಮೇಲೆ ಎಲ್ಲ ನಿಂತಿದೆ. ಆ ಹೆಸರನ್ನು ಅವರಿಗೆ ಬಿಟ್ಟಿಯಾಗಿ ಬರೆದುಕೊಟ್ಟವಳು ನಾನು.

ತಣ್ಣಗಿನ ಹಾಲು ಕುಡಿದು ಮಲಗುತ್ತೇನೆ. ಸೆಖೆ ಶುರುವಾಗಿದೆ.

ಮಾರ್ಚ್ 19, ಬುಧವಾರ

ನೋಡೋಣ ಅವರ ಕೋಣೆಗೆ ಹೋಗಿ ತಿದ್ದುಪಡಿ ಕಳಿಸಬೇಕು ಎಂದೆ. ಇನ್ನೂರ ಹನ್ನೆರಡು ಪತ್ರಿಕೆಗೂ. ಅವರು ಕನ್ನಡಕ ತೆಗೆದು ಒರೆಸಿದರು.

“ಪುರಾವೆ?”

“ವಾಸನೆ. ಗಾಯ. ಸಾವು.”

“ವಾಸನೆ ಚಿತ್ರದಲ್ಲಿ ಇದೆಯಾ? ಕೈಪಿಡಿ ನೀವೇ ಬರೆದಿದ್ದು.” ಕೊಂಕಿಲ್ಲದೆ, ನಿಜವಾಗಿ ಕೇಳಿದರು. ಆಮೇಲೆ ದನಿ ಇಳಿಸಿ, “ನಾವು ಆ ಪದ ಬರೆದ ಮರುಗಳಿಗೆ ಮುತ್ತಿಗೆ ಹಾಕಿರೋ ಸೇನೆಯವರು ಆ ಹುಡುಗನ ಪರವಾನಗಿ ಕಿತ್ಕೊಂಡು ಹೊರಗೆ ದಬ್ಬುತ್ತಾರೆ. ಅಲ್ಲಿ ಇನ್ನೊಂದು ಕಣ್ಣು ಇಲ್ಲ. ಏನೂ ಕಾಣದೆ ಇರೋದಕ್ಕಿಂತ ತಪ್ಪು ಹೆಸರಲ್ಲಾದ್ರೂ ಕಾಣಲಿ ಅಂತ ನನಗನ್ನಿಸುತ್ತೆ,” ಎಂದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು.

“ಸೇನೆಗೆ ಬರೆದು ಕೇಳ್ತೀನಿ. ನೋಡೋಣ.”

ಮಾರ್ಚ್ 21, ಶುಕ್ರವಾರ

ಸೇನೆಯ ಉತ್ತರ ಬಂತು. “ಪ್ರಸ್ತಾಪಿತ ದಿನ ಬೆಳಕಿನ ಗುಂಡುಗಳನ್ನು ಮಾತ್ರ ಬಳಸಲಾಗಿದೆ. ತಮ್ಮ ಪ್ರತಿಷ್ಠಿತ ಸಂಸ್ಥೆಯೂ ಅದನ್ನೇ ವರದಿ ಮಾಡಿರುವುದನ್ನು ಗಮನಿಸಬಹುದು.” ಜೊತೆಗೆ ನಮ್ಮ ಅಡಿಬರಹ ಲಗತ್ತಿಸಿದ್ದರು, ಸಾಕ್ಷಿಯಾಗಿ.

ಅವರು ನಮ್ಮನ್ನು ನಂಬುತ್ತಾರೆ, ನಾವು ಅವರನ್ನು ನಂಬಬೇಕು. ಎರಡು ಕನ್ನಡಿಗಳನ್ನು ಎದುರುಬದುರು ಇಟ್ಟು ನಡುವಿನಿಂದ ಮನುಷ್ಯರನ್ನು ಎತ್ತಿಬಿಟ್ಟ ಹಾಗೆ. ನೋಡೋಣ ಅವರು ಕಡತ ಮುಚ್ಚಿದರು.

ಮಾರ್ಚ್ 23, ಭಾನುವಾರ

ಅಕ್ಕ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ ಅಂತ ಸಂಜೆ ಹೊಳೆಯಿತು. ‘ಒಂದು’ ಎಂದು ಜೋರಾಗಿ ಹೇಳಿ ನೋಡಿದೆ, ದನಿ ಇದೆಯಾ ಅಂತ.

ಮಾರ್ಚ್ 26, ಬುಧವಾರ

ಉದ್ದಣ್ಣ ಈಗ ಫೋನ್ ಮಾಡುವುದಿಲ್ಲ. ವಿವರಗಳನ್ನು ನಾಲ್ಕೈದು ಪದದಲ್ಲಿ ಸಂದೇಶವಾಗಿ ಕಳಿಸುತ್ತಾನೆ. ಇವತ್ತು ಆ ವೈದ್ಯೆ ಕೈಯಲ್ಲಿ ಬರೆದ ಚೀಟಿಯ ಚಿತ್ರ ಬಂತು. ತಾನು ನೋಡಿದ ಗಾಯಗಳು, ತೆಗೆದ ತುಂಡುಗಳು, ಇದು ಬಿಳಿ ರಂಜಕವೇ ಎಂದು ಬರೆದು ಸಹಿ ಹಾಕಿದ್ದಾಳೆ. ಮನೆಯಮ್ಮನ ನಂತರ ಇನ್ನಿಬ್ಬರು ಬಂದಿದ್ದಾರೆ, ಅಂಗಳ ಗುಡಿಸಲು ಹೋದವನೊಬ್ಬ, ತುಳಿದವಳೊಬ್ಬಳು. ಬೀದಿಯಲ್ಲಿ ಮೂವತ್ತೇಳು ಮಾಳಿಗೆಗಳ ಮೇಲೆ ತುಂಡುಗಳು ಹಾಗೇ ಬಿದ್ದಿವೆ. ಪುರಸಭೆಯ ಧ್ವನಿವರ್ಧಕದಲ್ಲಿ ದಿನಾ ಬೆಳಿಗ್ಗೆ, ಪತ್ರಿಕೆಗಳಲ್ಲಿ ಬಂದಿರುವಂತೆ ಅವು ಬರೀ ಬೆಳಕಿನ ಗುಂಡು, ಜನ ಗಾಬರಿಯಾಗದೆ ಅಂಗಳ ಚೊಕ್ಕಟ ಮಾಡಿಕೊಳ್ಳಬೇಕು ಅಂತ ಕೂಗುತ್ತಿದ್ದಾರಂತೆ.

ಚೀಟಿಯನ್ನು ನೋಡೋಣ ಅವರಿಗೆ ಕೊಟ್ಟೆ. ಓದಿದರು. ಎರಡು ಸಲ ಓದಿದರು. “ಒಬ್ಬ ವೈದ್ಯೆ,” ಎಂದರು. “ಇನ್ನೊಂದು ಮೂಲ ಸಿಗಲಿ.”

ಇನ್ನೊಂದು ಮೂಲ ಸಿಗುವಷ್ಟರಲ್ಲಿ ಇನ್ನೊಬ್ಬರು ಪೊರಕೆ ಹಿಡಿದಿರುತ್ತಾರೆ.

ಕೆಳಮನೆಯವಳು ಗ್ಯಾಸ್ ಮುಗಿದಿದೆ ಅಂತ ಬಂದಳು. ಸಿಲಿಂಡರ್ ತುಂಬಿಯೇ ಇತ್ತು, ತೆಗೆದುಕೊಂಡು ಹೋಗು ಎಂದೆ. ನಿಮಗೆ ಬೇಡವಾ ಎಂದಳು. ನನಗೇನೂ ಅವಸರವಿಲ್ಲ ಎಂದೆ.

ಮಾರ್ಚ್ 27, ಗುರುವಾರ

ಉದ್ದಣ್ಣನಿಗೆ ಬರೆದೆ: “ತಿದ್ದುಪಡಿ ಕಳಿಸಿದರೆ ನಿನ್ನನ್ನು ಅಲ್ಲಿಂದ ಹೊರಗೆ ಹಾಕುತ್ತಾರೆ. ಏನು ಮಾಡಲಿ?”

ಎರಡು ಗಂಟೆಯ ಮೇಲೆ ಉತ್ತರ ಬಂತು. “ವಾಸನೆ ಬಗ್ಗೆ ನಾನು ಅವತ್ತೇ ಹೇಳಿದ್ದೆ.”

ಅಷ್ಟೇ ಇದ್ದದ್ದು. ಅದನ್ನು ಎಷ್ಟು ಸಲ ಓದಿದೆನೋ. ಅವನ ಹತ್ತು ನಿಮಿಷ ನನಗೆ ಎಷ್ಟು ಬೇಕಾಗಿತ್ತು ಎಂದು ಈಗ ಗೊತ್ತಾಗುತ್ತಿದೆ. ಒಬ್ಬಳೇ ಇದ್ದೇನೆ. ಇದು ಮಾಹಿತಿಯಲ್ಲ, ದೂರೇ.

ಮಾರ್ಚ್ 29, ಶನಿವಾರ

ಇವತ್ತು ನೋಡೋಣ ಅವರು ರಜೆಯಲ್ಲಿದ್ದರು. ಅವರಿಲ್ಲದ ದಿನ ತಿದ್ದುಪಡಿ ಕಳಿಸುವ ಅಧಿಕಾರ ಪಾಳಿಯ ಹಿರಿಯರಿಗೆ ಇರುತ್ತದೆ. ಅದು ಊರಿನ ಹೆಸರಿನಲ್ಲಿ ಅಕ್ಷರ ತಪ್ಪಿದ್ದರೆ, ಆಟಗಾರನ ಅಂಗಿಯ ಸಂಖ್ಯೆ ತಪ್ಪಿದ್ದರೆ ಬಳಸಲಿಕ್ಕೆ ಕೊಟ್ಟದ್ದು. ಪಾಳಿಯಲ್ಲಿ ಹಿರಿಯಳು ನಾನು, ಕಿರಿಯಳೂ ನಾನೇ.

ಹನ್ನೊಂದೂ ಹತ್ತಕ್ಕೆ ಕಳಿಸಿದೆ:

“ತಿದ್ದುಪಡಿ. ಮಾರ್ಚ್ 6ರ ಮುಸ್ಸಂಜೆಯ ಚಿತ್ರದಲ್ಲಿ ಬೀಳುತ್ತಿರುವುದನ್ನು ಬೆಳಕಿನ ಗುಂಡು ಎಂದು ಬರೆದದ್ದು ತಪ್ಪು. ಅದು ಬಿಳಿ ರಂಜಕ. ಅಲ್ಲಿನ ಗಾಯಾಳುಗಳಿಗೆ ಚಿಕಿತ್ಸೆ ನೀಡಿದ ವೈದ್ಯೆ ಇದನ್ನು ದೃಢಪಡಿಸಿದ್ದಾರೆ. ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ. ಬಿದ್ದ ತುಂಡುಗಳು ಆರಿದಂತೆ ಕಂಡರೂ ಆರಿರುವುದಿಲ್ಲ. ಮುಟ್ಟಬೇಡಿ, ತುಳಿಯಬೇಡಿ, ಗುಡಿಸಬೇಡಿ. ಒದ್ದೆ ಮರಳು ಮುಚ್ಚಿ ದೂರವಿರಿ. ಚಿತ್ರದಲ್ಲಿ ಕಾಣುವ ಮಾಳಿಗೆಯನ್ನು ಗುಡಿಸಲು ಹೋದ ಮನೆಯೊಡತಿ ಮಾರ್ಚ್ 15ರಂದು ತೀರಿಕೊಂಡರು.”

ಕೊನೆಗೆ ಇನ್ನೊಂದು ವಾಕ್ಯ ಇತ್ತು, ಗುಡಿಸಬಹುದು ಎಂದು ಆಕೆಗೆ ಹೇಳಿದ್ದು ಯಾರು ಎಂಬುದು. ಬರೆದೆ, ಅಳಿಸಿದೆ. ಉದ್ದವಾಯಿತು ಅನ್ನಿಸಿತು.

ಕಳಿಸಿದ ಮೇಲೆ ಬಚ್ಚಲಿಗೆ ಹೋಗಿ ತಣ್ಣೀರಿನಲ್ಲಿ ಕೈ ತೊಳೆಯುತ್ತ ನಿಂತಿದ್ದೆ. ಬಂದು ನೋಡಿದರೆ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಹನ್ನೆರಡಕ್ಕೆ ಸಂಸ್ಥೆಯ ಹೆಸರಿನಲ್ಲಿ ಮೇಲಿನಿಂದಲೇ ಇನ್ನೊಂದು ಸೂಚನೆ ಹೋಯಿತು: “ಹಿಂದಿನ ತಿದ್ದುಪಡಿಯನ್ನು ಪರಿಗಣಿಸಬಾರದು.” ಐವತ್ತು ನಿಮಿಷ ಬದುಕಿತ್ತು ಅದು.

ಮಾರ್ಚ್ 31, ಸೋಮವಾರ

ನೋಡೋಣ ಅವರು ಇವತ್ತು ನೋಡೋಣ ಅನ್ನಲಿಲ್ಲ. ಕೀಲಿಕೈ, ಗುರುತಿನ ಚೀಟಿ ತೆಗೆದುಕೊಂಡರು. ಉದ್ದಣ್ಣನ ಪರವಾನಗಿ ನಿನ್ನೆ ರದ್ದಾಯಿತಂತೆ, ಇವತ್ತು ಗಡಿ ದಾಟಿಸುತ್ತಾರಂತೆ. “ನಾನು ಹೇಳಿದ್ದೆ,” ಎಂದರು. ಹೌದು ಸಾರ್, ಹೇಳಿದ್ದಿರಿ ಎಂದೆ.

ಬಾಗಿಲ ಹತ್ತಿರ ಹೋದಾಗ ಕರೆದರು. ಮುಖ ಎತ್ತದೆ, “ಅಲ್ಲಿ ಪುರಸಭೆಯಲ್ಲಿ ಕೂಗೋನು ಒಬ್ಬ ಇದಾನಲ್ಲ. ಆ ಐವತ್ತು ನಿಮಿಷದಲ್ಲಿ ಅವನು ನಿಮ್ಮ ತಿದ್ದುಪಡೀನ ಪೂರ್ತಿ ಓದಿದಾನೆ. ವಾಪಸ್ ಪಡೆದಿದ್ದನ್ನ ಓದಿಲ್ಲವಂತೆ,” ಎಂದರು. “ಮರಳು ಹೊರ್ತಿದಾರಂತೆ ಜನ.”

ಅವರ ಮುಖದಲ್ಲಿ ಏನಿತ್ತು ಎಂದು ಬರೆಯಲು ಹೊರಟರೆ ಆಗುತ್ತಿಲ್ಲ. ಕುಂಟುವ ಕುರ್ಚಿಯ ಮೇಲೆ ಯಾರನ್ನು ಕೂರಿಸುತ್ತಾರೋ.

ಏಪ್ರಿಲ್ 3, ಗುರುವಾರ

ಅಕ್ಕ ಬಂದಿದ್ದಳು. ಕೆಲಸ ಹೋದ ಸುದ್ದಿ ಹೇಗೋ ಮುಟ್ಟಿದೆ. ಚಿತ್ರ ತೆಗೆದರಾ ಎಂದು ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಬೆರಳಾಡಿಸಿ, ಧೂಳು ನೋಡಿ, “ಏನೇ ಇದು?” ಎಂದಳು. ಏನೆಂದು ನನಗೂ ಗೊತ್ತಿರಲಿಲ್ಲ. ಹೋಟೆಲಿನಿಂದ ಕಟ್ಟಿಸಿಕೊಂಡು ತಿನ್ನುತ್ತೇನೆ ಎಂದು ಸುಳ್ಳು ಹೇಳಿದೆ.

ಏಪ್ರಿಲ್ 6, ಭಾನುವಾರ

ನಾಲ್ಕು ಗಂಟೆಗೆ ಎಲ್ಲಿದ್ದರೂ ಎದ್ದು ಕೂರುತ್ತೇನೆ. ಕೆಳಮನೆಯವರು ಜಗಳವಾಡಿದರು, ಅವಳು ಅತ್ತಳು. ನೆಲಕ್ಕೆ ಕಿವಿಕೊಟ್ಟು ಕೇಳಿಸಿಕೊಂಡೆ. ಹೋಗಿ ಬಾಗಿಲು ತಟ್ಟಿದೆ. ಅವಳು ತೆಗೆದಳು, ಏನೂ ಇಲ್ಲ ಎಂದಳು. ಇದೆ ಎಂದೆ. ಮೆಟ್ಟಿಲ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಕೂತಿದ್ದೆವು.

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆ ಹನ್ನೊಂದಕ್ಕೆ ಗೊತ್ತಿಲ್ಲದ ಸಂಖ್ಯೆಯಿಂದ ಫೋನು. ಹೆಣ್ಣು ದನಿ.

“ಚಿತ್ರದ ಕೆಳಗೆ ಬರೆಯೋರು ನೀವೇನಾ?”

“ಬರೀತಿದ್ದೆ.”

“ಫೋಟೋದವರು ನಮ್ಮಮ್ಮನ ಸಾಮಾನು ತಂದುಕೊಟ್ಟು ಹೋದ್ರು. ಅವರೇ ನಂಬರ್ ಕೊಟ್ಟಿದ್ದು. ಅವರಿದ್ದಿದ್ದು ನಮ್ಮಮ್ಮನ ಮನೇಲಿ.”

ಆಕೆಯೇ ಮುಂದುವರಿಸಿದಳು.

“ಗುಡಿಸಬಹುದು ಅಂತ ಅಮ್ಮನಿಗೆ ಹೇಳಿದ್ದು ಯಾರು?”

ಹೇಳಲಾಗಿತ್ತು ಎನ್ನಬಹುದಿತ್ತು. ವಿಭಾಗದ ಕಡೆಯಿಂದ, ಲಭ್ಯವಿದ್ದ ಮಾಹಿತಿಯಂತೆ, ನಿಯಮದ ಪ್ರಕಾರ. ಇಪ್ಪತ್ತೆರಡು ವರ್ಷ ಅದನ್ನೇ ಬರೆದಿದ್ದೇನೆ. ಬಾಯಿಗೆ ಬಂದದ್ದು ಒಂದೇ ಪದ.

“ನಾನು.”

 ಆಕೆ ಹೇಳಿದಳು: “ಮೂರು ವಾರದಿಂದ ಕೇಳ್ತಿದೀನಿ. ಸೇನೆಯವರು ಪೇಪರ್ ನೋಡಿ ಅಂದ್ರು. ಪೇಪರಿನವರು ನಿಮ್ಮ ಸಂಸ್ಥೇನ ಕೇಳಿ ಅಂದ್ರು. ಸಂಸ್ಥೆಯವರು ಸೇನೆ ಹೇಳಿದ್ದು ಅಂದ್ರು. ಫೋಟೋದವರೂ ಮೊದಲು ‘ನಮ್ಮ ಆಫೀಸು’ ಅಂದ್ರು, ಆಮೇಲೆ ಅತ್ತು ನಂಬರ್ ಕೊಟ್ರು. ನಾನು ಅಂತ ಒಬ್ಬರೂ ಅನ್ನಲಿಲ್ಲ.”

“ನಾನೇ. ಅವರು ನನ್ನನ್ನ ನಂಬಿ ಕೇಳಿದ್ರು. ನಾನು ನಗ್ತಾ ಹೇಳ್ಬಿಟ್ಟೆ. ತಪ್ಪು ನಂದು.”

 

“ಬೈಯೋಕೆ ಅಂತಾನೇ ಮಾಡಿದ್ದು,” ಎಂದಳು. “ಏನೇನೋ ಜೋಡಿಸಿಟ್ಕೊಂಡಿದ್ದೆ. ನೀವು ಇಲ್ಲ ಅಂತೀರ ಅಂದ್ಕೊಂಡು ಜೋಡಿಸಿದ್ದು. ಈಗ ಒಂದೂ ಬಾಯಿಗೆ ಬರ್ತಿಲ್ಲ. ನಾಳೆ ಮಾಡ್ತೀನಿ. ಎತ್ತುತ್ತೀರಾ?”

“ಎತ್ತುತ್ತೀನಿ.”

“ನನ್ನ ನಂಬರ್ ನೋಡಿ ಎತ್ತದೇ ಇದ್ರೆ?”

“ಇಲ್ಲೇ ಇರ್ತೀನಿ.”

ಏಪ್ರಿಲ್ 9, ಬುಧವಾರ

ಮಾಡಿದಳು. ಎತ್ತಿದೆ.